ಚುಕ್ಕಿಯ ಶುಗರ್ ಹಿಡಿತಕ್ಕೆ ಬಂದದ್ದು: ನನ್ನ ಅನುಭವ

ಶುಗರ್ ಇರುವ ಹೆಣ್ಣು ನಾಯಿಗೆ ಗರ್ಭಕೋಶ, ಅಂಡಾಶಯ ತೆಗೆಸುವ ಆಪರೇಷನ್ ಮಾಡಿಸಬೇಡಿ, ಗಾಯ ಒಣಗಲ್ಲ ಅಂತ ನನಗೆ ಹೇಳದವರಿಲ್ಲ. ಮಾಡಿಸಿದೆ. ಗಾಯ ಒಣಗಿತು, ಶುಗರೂ ಇಳಿಯಿತು. ಆಗಲೇ ಎರಡು ವರ್ಷದ ಮೇಲಾಯಿತು. ಅವತ್ತು ತಲೆ ಅಲ್ಲಾಡಿಸಿದವರೇ ಈಗ ಫೋನ್ ಮಾಡಿ ಎಷ್ಟು ಯೂನಿಟ್ ಇನ್ಸುಲಿನ್ ಕೊಡ್ತೀರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ.

ಚುಕ್ಕಿ ಲ್ಯಾಬ್ರಡಾರ್. ಆಗ ಅವಳಿಗೆ ಎಂಟು ವರ್ಷ ದಾಟಿತ್ತು, ತೂಕ 28 ಕೆಜಿ ಆಸುಪಾಸು. ಗರ್ಭಕೋಶ, ಅಂಡಾಶಯ ತೆಗೆಸಿರಲಿಲ್ಲ. ಹೀಟ್, ಅಂದರೆ ಬೆದೆ, ಮುಗಿದು ಒಂದೂವರೆ ತಿಂಗಳಾಗಿರಬೇಕು, ನೀರು ಕುಡಿಯುವುದು ವಿಪರೀತ ಆಯಿತು. ರಾತ್ರಿ ಎರಡು ಸಲ ಬಾಗಿಲು ತೆಗೆಯಬೇಕು. ಹಿತ್ತಿಲಲ್ಲಿ ಅವಳು ಉಚ್ಚೆ ಹೊಯ್ದ ಕಡೆಯೆಲ್ಲ ಇರುವೆ ಮುತ್ತುತ್ತಿದ್ದವು. ಅದನ್ನು ನೋಡಿದಾಗಲೇ ನನಗೆ ಅನುಮಾನ. ರಕ್ತ ಪರೀಕ್ಷೆಯಲ್ಲಿ 480 ಬಂತು.

ಶುರು ಮಾಡಿದ್ದು ಎನ್‌ಪಿಎಚ್ ಅನ್ನುವ ಬಗೆಯ ಇನ್ಸುಲಿನ್, ಮನುಷ್ಯರಿಗೆ ಕೊಡುವುದೇ. ಬೆಳಗ್ಗೆ 7 ಯೂನಿಟ್, ಸಂಜೆ 7 ಯೂನಿಟ್. ಇಳಿಯಲಿಲ್ಲ. ವಾರ ಬಿಟ್ಟು ವಾರ ಡಾಕ್ಟರು ಏರಿಸಿದರು: 9, 12, 15, ಕೊನೆಗೆ 20 ದಾಟಿತು. ಶುಗರ್ ಮೀಟರ್ ಮಾತ್ರ 350ರ ಕೆಳಗೆ ಬರಲೇ ಇಲ್ಲ. ತಿನ್ನುವುದು ಎರಡರಷ್ಟಾದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿದಳು. ಇಂಜೆಕ್ಷನ್ ಕೊಡುವ ಜಾಗ ಬದಲಾಯಿಸಿದೆ, ಇನ್ಸುಲಿನ್ನಿನ ಹೊಸ ವಯಲ್ (ಸೀಸೆ) ತಂದೆ, ಊಟ ಬದಲಾಯಿಸಿದೆ. ಊಹ್ಞೂಂ.

ಈ ನಡುವೆ ಒಂದು ಮೆಡಿಕಲ್ ಶಾಪಿನವರು ಕೆಂಪು ಮುಚ್ಚಳದ ಸಿರಿಂಜ್ ಬದಲು ಕಿತ್ತಳೆ ಮುಚ್ಚಳದ್ದು ಕಟ್ಟಿಕೊಟ್ಟರು. ಎರಡೂ ಒಂದೇ ಸಾರ್ ಅಂತ ಬೇರೆ! ಕೆಂಪು ಮುಚ್ಚಳದ್ದು ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆಯದ್ದು 100 ಇರುವುದಕ್ಕೆ. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು ನಾಲ್ಕೇ ಯೂನಿಟ್. ಕೌಂಟರಿನಲ್ಲೇ ವಾಪಸ್ ಕೊಟ್ಟು ಬಂದೆ.

ಡೋಸ್ ಏರಿಸುತ್ತಾ ಹೋದರೆ ಆಗಲ್ಲ ಅನ್ನುವುದು ಆ ಹೊತ್ತಿಗೆ ನನಗೆ ಖಾತ್ರಿಯಾಗಿತ್ತು. ಹೀಟ್ ಆದಮೇಲೆ ಅಂಡಾಶಯದಿಂದ ಬರುವ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರಿ ಇನ್ಸುಲಿನ್‌ಗೆ ಅಡ್ಡ ಬೀಳುತ್ತದೆ, ಆಪರೇಷನ್ ಮಾಡಿಸಿದರೆ ಅದು ಇಳಿಯುತ್ತದೆ. ಇದು ಗೊತ್ತಿದ್ದರೂ ಶುಗರ್ ನಾಯಿಯನ್ನು ಟೇಬಲ್ ಮೇಲೆ ಮಲಗಿಸಲು ಎಲ್ಲರಿಗೂ ಭಯ. ನಮ್ಮೂರಲ್ಲಿ ಇಬ್ಬರು ಆಗಲ್ಲ ಅಂದರು. ಒಬ್ಬರಂತೂ ಇಂಜೆಕ್ಷನ್ ಕೊಟ್ಟು ಸಾಯಿಸಿಬಿಡಿ, ಯಾಕೆ ನರಳಿಸ್ತೀರಿ ಅಂದರು. ಮೂರನೆಯವರು ಒಪ್ಪಿದರು. ಒಂದೇ ಷರತ್ತು, ಶುಗರ್ ಕೈಮೀರಿದಾಗ ಮೈಯಲ್ಲಿ ಸೇರುವ ಕೀಟೋನ್ ಅನ್ನುವ ಆಮ್ಲ ಇರಬಾರದು. ಉಚ್ಚೆಯಲ್ಲಿ ಕೀಟೋನ್ ಇಲ್ಲ ಅಂತ ನೋಡಿಕೊಂಡು ಬೆಳಗಿನ ಮೊದಲ ಕೇಸ್ ನಮ್ಮದೇ ಆಗಲಿ ಅಂತ ಪಟ್ಟು ಹಿಡಿದೆ. ಹೊಟ್ಟೆ ಖಾಲಿ, ಡಾಕ್ಟರು ಹೇಳಿದಂತೆ ಅರ್ಧ ಡೋಸ್. ಸಂಜೆಗೆ ಮನೆಗೆ ಬಂದು ಒಂದು ಹಿಡಿ ಅನ್ನ, ಕೋಳಿ ತಿಂದಳು. ಪರೀಕ್ಷೆ, ಔಷಧಿ ಎಲ್ಲ ಸೇರಿ 15 ಸಾವಿರದ ಹತ್ತಿರ ಹತ್ತಿರ ಆಯಿತು.

ಆಮೇಲಿನ ದಿನಗಳೇ ಜಾಸ್ತಿ ನಾಜೂಕು. ಪ್ರೊಜೆಸ್ಟರಾನ್ ಇಳಿದ ಹಾಗೆ ಇನ್ಸುಲಿನ್ ಕೆಲಸ ಮಾಡಲು ಶುರು ಮಾಡುತ್ತದೆ, ಹಳೇ ಡೋಸ್ ಭಾರವಾಗುತ್ತದೆ. ಒಂದು ಮಧ್ಯಾಹ್ನ ಹಿಂಗಾಲು ತೂರಾಡಿತು, ಕಣ್ಣು ಎಲ್ಲೋ ನೆಟ್ಟಿತ್ತು. ಮೀಟರ್ 60ರ ಆಸುಪಾಸು. ಜೇನುತುಪ್ಪ ಬೆರಳಿಗೆ ಹಚ್ಚಿ ಒಸಡಿಗೆ ಉಜ್ಜಿದೆ. ಹತ್ತು ನಿಮಿಷಕ್ಕೆ ಎದ್ದು ಬೆರಳು ನೆಕ್ಕಿದಳು, ಆಮೇಲೆ ಊಟ ಹಾಕಿದೆ. ಡಾಕ್ಟರಿಗೆ ಫೋನ್ ಮಾಡಿ ಅವತ್ತೇ ಇಳಿಸಿದೆವು. ಇಳಿಸುತ್ತಾ ಬಂದು ಈಗ ಹೊತ್ತಿಗೆ 8 ಯೂನಿಟ್‌ಗೆ ನಿಂತಿದೆ. ಇಪ್ಪತ್ತು ದಾಟಿದ್ದ ನಾಯಿ!

ಮೀಟರ್ ವಿಷಯ. ಎರಡೆರಡು ಗಂಟೆಗೆ ನೋಡಿ ಗ್ರಾಫ್ ಹಾಕದೆ ಡೋಸ್ ಏರಿಸಲೇಬೇಡಿ. ಮನುಷ್ಯರ ಮೀಟರ್ ನಾಯಿಗೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಲ್ಯಾಬಿನದ್ದರ ಜೊತೆ ತಾಳೆ ನೋಡಿ ನನ್ನದೇ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಕಿವಿಯಂಚಿನಿಂದ ರಕ್ತ ಬರದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಒಂದು ನಿಮಿಷ ಹಿಡಿಯಿರಿ. ಚುಕ್ಕಿ ಈಗ ತಾನಾಗೇ ಬಂದು ಕಿವಿ ಕೊಡುತ್ತಾಳೆ. ಅದನ್ನು ಹೇಗೆ ಕಲಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಮನೆಗೆ ಬಂದರೆ ತೋರಿಸುತ್ತೇನೆ.

ಚುಚ್ಚುವ ಕಾಟವೇ ಬೇಡ ಅಂತ ಒಮ್ಮೆ ಮನುಷ್ಯರು ತೋಳಿಗೆ ಅಂಟಿಸಿಕೊಳ್ಳುವ ಶುಗರ್ ಸೆನ್ಸರ್ ತಂದು ಅವಳ ಬೆನ್ನಿಗೆ ಹಾಕಿಸಿದೆ. ಐದು ಸಾವಿರದ ಹತ್ತಿರ. ಹದಿನಾಲ್ಕು ದಿನ ಬರಬೇಕಾದದ್ದು ನಾಲ್ಕೋ ಐದೋ ದಿನಕ್ಕೆ ಹುಲ್ಲಲ್ಲಿ ಹೊರಳಾಡಿದಾಗ ಕಿತ್ತು ಹೋಯಿತು. ಆದರೂ ರಾತ್ರಿ ಎರಡು ಗಂಟೆಗೆ ಶುಗರ್ ಎಲ್ಲಿರುತ್ತದೆ ಅಂತ ಮೊದಲ ಸಲ ಕಂಡಿತು. ಅಷ್ಟರ ಮಟ್ಟಿಗೆ ದುಡ್ಡು ವಸೂಲಿ.

ರಾಗಿ ಮುದ್ದೆ ಶುಗರ್‌ಗೆ ಒಳ್ಳೆಯದು ಅಂತಾರಲ್ಲ, ಚುಕ್ಕಿಯ ಮೀಟರ್ ಒಪ್ಪಲಿಲ್ಲ. ಅನ್ನ ಹಾಕಿದಾಗ ಏರಿದಷ್ಟೇ ಮುದ್ದೆಗೂ ಏರಿತು. ಕೋಳಿ, ಹುರುಳಿಕಾಯಿ ಜಾಸ್ತಿ ಮಾಡಿ, ಅನ್ನ ಕಡಿಮೆ ಮಾಡಿ, ದಿನಾ ಅದೇ ಪಾತ್ರೆಯಲ್ಲಿ ಅದೇ ಅಳತೆ ಹಾಕಿದ ಮೇಲೆ ಗ್ರಾಫ್ ನೆಟ್ಟಗಾಯಿತು. ಅತ್ತೆ ಹಾಗಲಕಾಯಿ ಬೇಯಿಸಿ ಬೆರೆಸಿ ನೋಡಿದರು. ಅವಳು ಕೋಳಿ ಆರಿಸಿ ತಿಂದು ಹಾಗಲವನ್ನು ತಟ್ಟೆಯ ಸುತ್ತ ಉಗುಳಿದಳು.

ಬೇಸಿಗೆಯಲ್ಲಿ ಕರೆಂಟ್ ಹೋಗುವ ಕಾಟಕ್ಕೆ, ಇನ್ಸುಲಿನ್ ತಂಪಾಗಿಡಲು, ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ಮಧ್ಯೆ ಮರಳು ತುಂಬಿ ನೀರು ಹಾಕುತ್ತೇನೆ. ಕೋಣೆ 36 ಡಿಗ್ರಿ ಇದ್ದಾಗ ಒಳಗೆ 26, 27 ಇರುತ್ತದೆ. ಬಳಸುತ್ತಿರುವ ವಯಲ್‌ಗೆ ಅಷ್ಟು ಸಾಕು. ಹೊಸದು ಫ್ರಿಜ್‌ನಲ್ಲೇ ಇರಲಿ.

ಕಣ್ಣು ಮಾತ್ರ ಉಳಿಯಲಿಲ್ಲ. ಪೊರೆ ಬಂದು ಎರಡೂ ಬೆಳ್ಳಗಾದವು. ಶುಗರ್ ಇರುವ ಬಹುತೇಕ ನಾಯಿಗಳ ಪಾಡು ಅದೇ. ಪೊರೆ ತೆಗೆಸಲು ಕೇಳಿದ ದುಡ್ಡು ನನ್ನ ಕೈಗೆ ಎಟುಕುವಂಥದ್ದಲ್ಲ. ಮನೆಯಲ್ಲಿ ಕುರ್ಚಿ ಮೇಜು ಕದಲಿಸುವುದನ್ನು ಬಿಟ್ಟಿದ್ದೇವೆ, ಅವಳು ಲೀಲಾಜಾಲವಾಗಿ ಓಡಾಡುತ್ತಾಳೆ.

ಈಗಿನ ಖರ್ಚು: ವಯಲ್ ಇಪ್ಪತ್ತೈದು ದಿನ ಬರುತ್ತದೆ, ಇನ್ನೂರರ ಒಳಗೆ. ಸಿರಿಂಜ್ ಐನೂರರ ಹತ್ತಿರ, ಮೀಟರಿನ ಸ್ಟ್ರಿಪ್ ಮುನ್ನೂರು. ಊಟ ಬಿಟ್ಟು ತಿಂಗಳಿಗೆ ಸಾವಿರ. ಮೊದಲ ಮೂರು ತಿಂಗಳು ಸ್ಟ್ರಿಪ್‌ಗೇ ಅದಕ್ಕಿಂತ ಜಾಸ್ತಿ ಸುರಿದಿದ್ದೆ. ಫೋನ್ ಮಾಡುವವರು ಯೂನಿಟ್ ಕೇಳುವ ಮುಂಚೆ ಗರ್ಭಕೋಶ, ಅಂಡಾಶಯ ತೆಗೆಸಿದ್ದೀರಾ ಇಲ್ಲವಾ ಅದನ್ನು ಹೇಳಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.