ಗದಗಿನಲ್ಲಿ ಒಂದು ರಾತ್ರಿ: ಎರಡು ದಿನದ ಟೂರ್ ಕಟ್ಟಿದ ನನ್ನ ಅನುಭವ

ಹಂಪಿಯಿಂದ ಗೋವಾ ಕಡೆ ಹೋಗುವ ಗಾಡಿಗಳು ಗದಗಿನ ಹತ್ತಿರ ಚಹಾಕ್ಕೆ ನಿಲ್ಲುತ್ತವೆ, ಹೋಗುತ್ತವೆ. ಆ ದಾರಿಯಲ್ಲಿ ಹನ್ನೊಂದು ವರ್ಷ ಬಾಡಿಗೆ ಗಾಡಿ ಓಡಿಸಿದ್ದೇನೆ. ಲಕ್ಕುಂಡಿ ಬಂತೆಂದರೆ ಹಿಂದೆ ಕೂತವರು ನಿದ್ದೆಯಲ್ಲಿರುತ್ತಿದ್ದರು. ಸ್ವಲ್ಪ ಒಳಗೆ ತಿರುಗಿದರೆ ಸಾವಿರ ವರ್ಷದ ಬಸದಿ ಇದೆ, ಅತ್ತಿಮಬ್ಬೆ ಕಟ್ಟಿಸಿದ್ದು ಅಂತ ಹೇಳಿದರೆ, "ಮುಂದಿನ ಸಲ ನೋಡೋಣ" ಅನ್ನುತ್ತಿದ್ದರು. ಮುಂದಿನ ಸಲ ಯಾರೂ ಬರಲಿಲ್ಲ.

2018ರಲ್ಲಿ ಸ್ವಂತ ಗಾಡಿ ತಗೊಂಡೆ. ಸೆಕೆಂಡ್ ಹ್ಯಾಂಡ್ ಟವೇರಾ, ನಾಲ್ಕು ಲಕ್ಷದ ಆಸುಪಾಸು. ಗದಗಿನಲ್ಲೇ ಜನರನ್ನು ಒಂದು ರಾತ್ರಿ ಉಳಿಸಿ ಎರಡು ದಿನದ ಟೂರ್ ಮಾಡುತ್ತೇನೆ ಅಂದಾಗ ಸ್ಟ್ಯಾಂಡಿನ ಗೆಳೆಯರು ಒಬ್ಬರೂ ಒಪ್ಪಲಿಲ್ಲ. "ಏನೈತ್ಲೇ ಇಲ್ಲಿ ನೋಡಾಕ? ಬಿಸಲು, ಎರಿಹೊಲ, ಗುಡ್ಡದ ಮ್ಯಾಲೆ ಗಾಳಿ ಫ್ಯಾನು." ಹೆಂಡತಿಯ ಅಣ್ಣ ಸಾಲಕ್ಕೆ ಜಾಮೀನು ಹಾಕಿದ್ದರು. ಅವರಂತೂ, "ಸುಮ್ನ ಹಂಪಿ ಬಾಡಿಗಿ ಹೊಡಿ. ಇದು ಆಗೂ ಮಾತಲ್ಲ" ಅಂದುಬಿಟ್ಟರು.

ಈಗ ಹೋದ ಚಳಿಗಾಲದ ಲೆಕ್ಕ ಹೇಳುತ್ತೇನೆ. ನವೆಂಬರಿನಿಂದ ಫೆಬ್ರುವರಿವರೆಗೆ ಸುಮಾರು 40 ಬ್ಯಾಚ್. ಒಂದೊಂದು ಬ್ಯಾಚಿನಲ್ಲಿ ಆರರಿಂದ ಎಂಟು ಜನ. ಎಲ್ಲರೂ ಗದಗಿನಲ್ಲಿ ಒಂದು ರಾತ್ರಿ ಮಲಗಿ ಎದ್ದವರೇ. ಪರ್ಮಿಟ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಡ್ರೈವರ್ ಭತ್ಯೆ ಇವೆಲ್ಲ ಗಾಡಿ ಓಡಿಸುವವರಿಗೆ ಗೊತ್ತಿರುವ ವಿಷಯ. ಅದನ್ನು ಬಿಟ್ಟು, ನಾನು ಎಲ್ಲಿ ಎಡವಿದೆ, ದುಡ್ಡು ಎಲ್ಲಿ ಹೋಯಿತು ಅನ್ನುವುದನ್ನೇ ಬರೆಯುತ್ತೇನೆ.

ಮೊದಲ ಸೀಸನ್ನಿನ ದೊಡ್ಡ ತಪ್ಪು, ಆಸೆ. ನಮ್ಮ ಕಡೆ ಇರುವುದನ್ನೆಲ್ಲ ತೋರಿಸಬೇಕು ಅಂತ ಹಟ. ವೀರನಾರಾಯಣ, ತ್ರಿಕೂಟೇಶ್ವರ, ಲಕ್ಕುಂಡಿ, ಡಂಬಳ, ಸೂಡಿ, ಗಜೇಂದ್ರಗಡ, ಇಟಗಿ, ಕುಕನೂರು, ಲಕ್ಷ್ಮೇಶ್ವರ, ಶಿರಹಟ್ಟಿ ಫಕೀರೇಶ್ವರ ಮಠ, ಮಾಗಡಿ ಕೆರೆ. ಎರಡು ದಿನಕ್ಕೆ 350 ಕಿಲೋಮೀಟರ್ ಮೇಲೆ. ಮೂರನೇ ಗುಡಿಗೆ ಬರುವಷ್ಟರಲ್ಲಿ ಜನರ ಮುಖ ಬಾಡುತ್ತಿತ್ತು. ಮೈಸೂರಿನ ಒಬ್ಬ ಅಮ್ಮ ಇಟಗಿಯಲ್ಲಿ ಗಾಡಿಯಿಂದ ಇಳಿಯಲೇ ಇಲ್ಲ. "ನೀವೆಲ್ಲ ನೋಡಿಕೊಂಡು ಬನ್ನಿಪ್ಪಾ, ನನಗೆ ಎಲ್ಲಾ ಒಂದೇ ಥರ ಕಾಣ್ತಿದೆ" ಅಂದರು. 1112ರಲ್ಲಿ ಕಟ್ಟಿದ ಗುಡಿ, ಶಾಸನದಲ್ಲೇ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದ್ದಾರೆ. ಅದರ ಮುಂದೆ ಬಂದು ಇಳಿಯದೆ ಕೂತರಲ್ಲ ಅಂತ ಅವತ್ತು ನನಗೆ ತುಂಬಾ ಬೇಜಾರಾಯಿತು. ಆಮೇಲೆ ಯೋಚನೆ ಮಾಡಿದರೆ ಅವರದ್ದೇನೂ ತಪ್ಪಿರಲಿಲ್ಲ. ಒಂದೇ ದಿನ ಐದು ಹಬ್ಬದೂಟ ಬಡಿಸಿದರೆ ಯಾರು ತಾನೇ ಉಣ್ಣುತ್ತಾರೆ?

ಮಾಗಡಿ ಕೆರೆಯಲ್ಲಂತೂ ಇನ್ನೂ ಕೆಟ್ಟದಾಯಿತು. ಶಿರಹಟ್ಟಿ ಮುಗಿಸಿ ಹನ್ನೊಂದೂವರೆಗೆ ಕೆರೆ ಮುಟ್ಟುತ್ತಿದ್ದೆವು. ಪಟ್ಟೆತಲೆ ಹೆಬ್ಬಾತುಗಳು ನಡು ನೀರಿನಲ್ಲಿ ಚುಕ್ಕಿ ಇಟ್ಟ ಹಾಗೆ ಕಾಣುತ್ತಿದ್ದವು. ನೆತ್ತಿ ಸುಡುವ ಬಿಸಿಲು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅಂತ ನಾನು ಹೇಳುತ್ತಿದ್ದೆ. ಅವರು ನೆರಳು ಹುಡುಕುತ್ತಿದ್ದರು. ಒಬ್ಬ ಸಾಹೇಬರು ಅರ್ಧ ದುಡ್ಡು ವಾಪಸ್ ಕೇಳಿದರು. ಕೊಟ್ಟೆ.

ಆ ವರ್ಷ ತಲೆಗೆ 1,900 ರೂಪಾಯಿ ಹಾಕಿದ್ದೆ. ಏಳು ಬ್ಯಾಚ್ ಮಾಡಿದೆ. ಕೈಯಿಂದ ಹೋಗಿದ್ದು 60-65 ಸಾವಿರ. ಇದರ ಮೇಲೆ ಬೆಂಗಳೂರಿನ ಒಂದು ಏಜೆನ್ಸಿಯವರು ಎರಡು ಬ್ಯಾಚ್ ಕಳಿಸಿ 28 ಸಾವಿರ ಬಾಕಿ ಇಟ್ಟರು. ಇವತ್ತಿಗೂ ಬಂದಿಲ್ಲ. ಕಂತು ತಿಂಗಳಿಗೆ ಒಂಬತ್ತೂವರೆ ಸಾವಿರ. ಹೆಂಡತಿಯ ಬಂಗಾರದ ಬಿಲ್ವಾರ (ಬಳೆ) ಅಡ ಇಟ್ಟೆ. ಆವತ್ತಿನಿಂದ ಏಜೆನ್ಸಿ ಸಹವಾಸ ಬಿಟ್ಟೆ. ಮುಂಗಡ ಅರ್ಧ ಬಂದ ಮೇಲೇ ರೂಮ್ ಹಿಡಿಯುವುದು. ಯಾರೇ ಆಗಲಿ, ಇದರಲ್ಲಿ ಮುಲಾಜು ಇಲ್ಲ.

ಸೀಸನ್ ಮುಗಿಯುವ ಮೊದಲು ಒಂದು ಕೆಲಸ ಮಾಡಿದೆ. ಬಾಡಿಗೆ ಇಲ್ಲದ ದಿನ ಬೈಕ್ ತಗೊಂಡು ಒಬ್ಬನೇ ಮಾಗಡಿಗೆ ಹೋಗುತ್ತಿದ್ದೆ. ಗದಗಿನಿಂದ 26 ಕಿಲೋಮೀಟರ್. ಹತ್ತು ದಿನ ಹೋಗಿರಬೇಕು. ಒಂದಿನ ಮಧ್ಯಾಹ್ನ ಏರಿಯ ಮೇಲೆ ಕುರಿ ಕಾಯುವ ಅಜ್ಜ ಸಿಕ್ಕ. "ಕಾಕಾ, ಇವು ಯಾವಾಗ ನೋಡಿದ್ರೂ ಇಲ್ಲೇ ನಿದ್ದಿ ಮಾಡ್ತಾವಲ್ರೀ?" ಅಂದೆ. ಆತ ಕೊಟ್ಟ ಉತ್ತರಕ್ಕೇ ನನ್ನ ವ್ಯಾಪಾರ ತಿರುಗಿತು. "ರಾತ್ರಿಯೆಲ್ಲ ಹೊಲದಾಗ ಮೇಯ್ದು ಬಂದಾವಪಾ. ಹಗಲು ಮಲಗದ ಏನ್ ಮಾಡ್ಬೇಕು? ನೀ ಮುಂಜಾನಿ ಬಾ."

ಮರುದಿನ ಕತ್ತಲಿದ್ದಾಗಲೇ ಹೋಗಿ ಕೂತೆ. ಕೆರೆ ಬಹುತೇಕ ಖಾಲಿ. ಮೂಡಣ ಕೆಂಪಾಗುವ ಹೊತ್ತಿಗೆ ಮೊದಲು ದನಿ ಕೇಳಿತು, ಹಕ್ಕಿ ಇನ್ನೂ ಕಾಣುತ್ತಿರಲಿಲ್ಲ. ಆಮೇಲೆ ಒಂದು ಸಾಲು ಬಂತು. ಅದರ ಹಿಂದೆ ಇನ್ನೊಂದು. ಹೊಲದ ಕಡೆಯಿಂದ ಮಾಲೆ ಮಾಲೆಯಾಗಿ ಬಂದು, ತಲೆಯ ಮೇಲೆ ಒಂದು ಸುತ್ತು ಹಾಕಿ, ಕಾಲು ಮುಂದೆ ಚಾಚಿ ನೀರಿಗೆ ಇಳಿದವು. ಒಂದೂವರೆ ಗಂಟೆ ಹಾಗೇ ನಡೆಯಿತು. ಚಳಿಗೆ ಕೈ ಮರಗಟ್ಟಿದ್ದು ಗೊತ್ತಾಗಲಿಲ್ಲ. ಅದೇ ಕೆರೆ, ಅದೇ ಹಕ್ಕಿ. ಐದು ಗಂಟೆ ತಡವಾಗಿ ಬಂದಿದ್ದಕ್ಕೆ ಸಾಹೇಬರಿಗೆ ದುಡ್ಡು ವಾಪಸ್ ಕೊಟ್ಟಿದ್ದೆ ನಾನು.

ಅಲ್ಲಿಂದ ಇಡೀ ಪ್ಲಾನನ್ನು ತಿರುವಿ ಹಾಕಿದೆ. ಸೂರ್ಯ ಹುಟ್ಟುವ ಮುಂಚೆ ಮಾಗಡಿ ಏರಿಯ ಮೇಲೆ ಇರಬೇಕಾದರೆ ಹಿಂದಿನ ರಾತ್ರಿ ಗದಗಿನಲ್ಲಿ ಮಲಗಲೇಬೇಕು. ಉಳಿಯಿರಿ ಅಂತ ಯಾರನ್ನೂ ಬೇಡಿಕೊಳ್ಳುವುದು ಬೇಡವಾಯಿತು. ಉಳಿದದ್ದನ್ನೆಲ್ಲ ಆ ಬೆಳಗಿನ ಸುತ್ತ ಹೊಂದಿಸಿದೆ. ಹನ್ನೊಂದು ಜಾಗ ಇದ್ದದ್ದು ಆರಕ್ಕೆ ಇಳಿಯಿತು. 350 ಕಿಲೋಮೀಟರ್ ಹೋಗಿ 200ರ ಒಳಗೆ ಬಂತು. ಡೀಸೆಲ್ ಉಳಿಯಿತು, ಜನರೂ ಉಳಿದರು.

ಈಗಿನ ಕ್ರಮ ಹೀಗಿದೆ. ಬೆಂಗಳೂರಿನ ರಾತ್ರಿ ಬಸ್ಸಿಗೆ ಬಂದವರಿಗೆ ಬೆಳಿಗ್ಗೆ ಸ್ನಾನ, ನಾಷ್ಟಾ. ಆಮೇಲೆ ವೀರನಾರಾಯಣ ಗುಡಿ, ತ್ರಿಕೂಟೇಶ್ವರ. ಹನ್ನೆರಡೂವರೆಗೆ ಖಾನಾವಳಿ ಊಟ. ಊಟ ಆದಮೇಲೆ ರೂಮಿಗೆ ಬಿಟ್ಟು ಮೂರು ಗಂಟೆವರೆಗೆ ಮಲಗಿಸುತ್ತೇನೆ. ಇದಕ್ಕೆ ಬಹಳ ಜನ ನಕ್ಕರು, ಟೂರಿಗೆ ಬಂದವರನ್ನು ಮಲಗಿಸ್ತೀಯಾ ಅಂತ. ನಮ್ಮ ಬಯಲುಸೀಮೆ ಬಿಸಿಲಿನಲ್ಲಿ ಒಂದು ಗಂಟೆಗೆ ಗುಡಿ ಸುತ್ತಿಸಿದರೆ ಮರುದಿನ ನಾಲ್ಕೂವರೆಗೆ ಯಾರೂ ಏಳುವುದಿಲ್ಲ. ಬೇಕಾದರೆ ಮಾಡಿ ನೋಡಿ.

ಮೂರೂವರೆ ಮೇಲೆ ಲಕ್ಕುಂಡಿ, 12 ಕಿಲೋಮೀಟರ್. ಆ ಹೊತ್ತಿಗೇ ಯಾಕೆ ಅಂದರೆ ಅಲ್ಲಿಯ ಕಲ್ಲು ಬಳಪದ ಕಲ್ಲು. ಕೆತ್ತನೆ ತುಂಬಾ ಸಣ್ಣದು, ಆಳದ್ದು. ನೆತ್ತಿ ಮೇಲಿನ ಬಿಸಿಲಲ್ಲಿ ಎಲ್ಲ ಒಂದೇ ಬಣ್ಣ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಬಳ್ಳಿಯೂ ಎದ್ದು ಬರುತ್ತದೆ. ಕಾಶಿ ವಿಶ್ವನಾಥ ಗುಡಿಯಲ್ಲಿ ಶಿವನ ಎದುರಿಗೇ ಸೂರ್ಯನ ಗುಡಿ ಇದೆ, ಪಡುವಣಕ್ಕೆ ಮುಖ. ಸಂಜೆ ಬೆಳಕು ನೇರ ಅದರ ಬಾಗಿಲಿಗೆ ಬೀಳುವಾಗ ನಾನು ಮಾತು ನಿಲ್ಲಿಸುತ್ತೇನೆ. ಮಾಣಿಕೇಶ್ವರದ ಮುಸುಕಿನ ಬಾವಿಯನ್ನು ಮಾತ್ರ ಮೊದಲೇ ತೋರಿಸಬೇಕು, ಸಂಜೆಗೆ ಮೆಟ್ಟಿಲು ಕತ್ತಲಾಗುತ್ತವೆ. ಕೊನೆಗೆ 1007ರ ಬ್ರಹ್ಮ ಜಿನಾಲಯ. ಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಹೆಣ್ಣುಮಗಳು ಅತ್ತಿಮಬ್ಬೆಯ ಕಥೆಯನ್ನು ಅಲ್ಲಿ ಕಟ್ಟೆಯ ಮೇಲೆ ಕೂರಿಸಿ ಹೇಳುತ್ತೇನೆ. ಗಾಡಿಯಲ್ಲಿ ಹೇಳಿದರೆ ಯಾರ ಕಿವಿಗೂ ಹೋಗುವುದಿಲ್ಲ.

ನಾಲ್ಕೂವರೆಗೆ ಎಬ್ಬಿಸುವುದೇ ದೊಡ್ಡ ತಲೆನೋವಾಗಿತ್ತು. ಒಂದು ಲಾಡ್ಜಿನವರು ಬಿಸಿನೀರು ಕೊಡುತ್ತೇವೆ ಅಂದು ಕೈಕೊಟ್ಟರು. ಆರು ಗಂಟೆ ಮೇಲೇ ಬಾಯ್ಲರ್ ಹಚ್ಚುವುದು ಅಂದರು. ಎಂಟು ಜನ ತಣ್ಣೀರಲ್ಲಿ ಮುಖ ತೊಳೆದು ಸಿಟ್ಟಿನಲ್ಲಿ ಗಾಡಿ ಹತ್ತಿದರು. ಈಗ ಬೇರೆ ಲಾಡ್ಜ್, ರಾತ್ರಿ ಕಾವಲಿನ ಹುಡುಗನಿಗೆ ಬ್ಯಾಚಿಗೆ ನೂರು ರೂಪಾಯಿ ನಾನೇ ಕೊಡುತ್ತೇನೆ. ಎರಡು ದೊಡ್ಡ ಥರ್ಮಾಸ್ ಚಹಾ, ಒಂದು ಡಬ್ಬಿ ಖಾರದ ಅವಲಕ್ಕಿ, ಎಂಟು ಕಂಬಳಿ ಗಾಡಿಯಲ್ಲಿ ಇದ್ದೇ ಇರುತ್ತವೆ. ಕಂಬಳಿಗೆ ಹಾಕಿದ ದುಡ್ಡು ಅಷ್ಟು ಬೇಗ ವಸೂಲಾಗುತ್ತೆ ಅಂದುಕೊಂಡಿರಲಿಲ್ಲ. ಅದರ ಫೋಟೋ ನೋಡಿಯೇ ಎಷ್ಟೋ ಜನ ಫೋನ್ ಮಾಡಿದ್ದಾರೆ.

ಏರಿಯ ಯಾವ ಕಡೆ ಕೂರಿಸುತ್ತೇನೆ, ಗಾಡಿ ಎಲ್ಲಿ ಬಿಟ್ಟು ಎಷ್ಟು ನಡೆಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತು ಮುಂಜಾವಿನ ದುಡಿಮೆ. ಅಲ್ಲದೆ ಎಲ್ಲರೂ ಒಂದೇ ಕಡೆ ನುಗ್ಗಿದರೆ ಹಕ್ಕಿಗೆ ಕಷ್ಟ. ಎರಡನೇ ಸೀಸನ್ನಿನಲ್ಲಿ ಒಬ್ಬ ಹುಡುಗ ನನಗೆ ಹೇಳದೆ ಡ್ರೋನ್ ಹಾರಿಸಿದ. ಇಡೀ ಹಿಂಡು ಒಂದೇ ಸಲ ಎದ್ದು ಹೋಯಿತು. ಅಷ್ಟು ದೂರದಿಂದ ಬಂದ ಜೀವಗಳು, ದಣಿದು ಇಳಿಯುವ ಹೊತ್ತಿನಲ್ಲಿ ಎದ್ದು ಓಡಿದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಊರವರು ಬೈದರು, ಬೈಯಲೇಬೇಕಿತ್ತು. ಈಗ ಡ್ರೋನ್ ಇದ್ದರೆ ನನ್ನ ಮನೆಯಲ್ಲಿ ಇಟ್ಟು ಬರಬೇಕು. ಕೆಂಪು, ಹಳದಿ ಜಾಕೆಟ್ ಇದ್ದರೆ ಮೇಲೆ ಕಂಬಳಿ.

ಹಕ್ಕಿ ಮೇಯುವುದು ರೈತರ ಹೊಲದಲ್ಲಿ, ಹಿಂಗಾರಿ ಬೆಳೆಯಲ್ಲಿ. ನಷ್ಟ ಅವರದ್ದು, ದುಡ್ಡು ನನ್ನದು ಅಂದರೆ ನ್ಯಾಯ ಅಲ್ಲ. ಅದಕ್ಕೆ ಎರಡನೇ ದಿನದ ಊಟ ಹೋಟೆಲಿನಲ್ಲಿ ಇಲ್ಲ, ಕೆರೆ ಕಡೆಯ ಒಂದು ಮನೆಯಲ್ಲಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು. ತಲೆಗೆ 250 ರೂಪಾಯಿ ಆ ಮನೆಯ ಅಕ್ಕನ ಕೈಗೇ ಕೊಡುತ್ತೇನೆ. ಜನವರಿಯಲ್ಲಿ ಸುಲಗಾಯಿ (ಹಸಿ ಕಡಲೆ), ಸೀತನಿ (ಎಳೆ ಜೋಳದ ತೆನೆ) ಸಿಕ್ಕರೆ ಅದು ಮೇಲೆ. ಊಟ ಚೆನ್ನಾಗಿತ್ತು ಅಂತ ಫೋನ್ ಮಾಡುವವರು ಕೆರೆ ನೆನೆಸುವವರಿಗಿಂತ ಕಡಿಮೆ ಏನಿಲ್ಲ.

ಊಟಕ್ಕೂ ಮೊದಲು ಲಕ್ಷ್ಮೇಶ್ವರದ ಸೋಮೇಶ್ವರ. ಹಳೆಯ ಪುಲಿಗೆರೆ, ಕವಿರಾಜಮಾರ್ಗ ಹೇಳುವ ತಿರುಳುಗನ್ನಡದ ನಾಲ್ಕು ಊರುಗಳಲ್ಲಿ ಒಂದು. ಕನ್ನಡದವರಿಗೆ ಇಷ್ಟು ಹೇಳಿದರೆ ಸಾಕು, ಊರನ್ನೇ ಬೇರೆ ಥರ ನೋಡುತ್ತಾರೆ. ಕೊನೆಗೆ ಡಂಬಳದ ದೊಡ್ಡಬಸಪ್ಪ, ನಕ್ಷತ್ರದ ಆಕಾರದ ತಳಪಾಯ. ಹಂಪಿಗೆ ಮುಂದೆ ಹೋಗುವವರಿದ್ದರೆ ಮಾತ್ರ ಡಂಬಳ ಬಿಟ್ಟು ಇಟಗಿ.

ಬೇರೆ ಬೇರೆ ಪ್ರಯೋಗ ಮಾಡುವ ಚಟ ನನಗೆ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಕಂಬದ ಹತ್ತಿರ ಕೂತು, ಬಟ್ಟೆ ಆರುವವರೆಗೆ ಭಾರತ ಹೇಳುತ್ತಿದ್ದ ಅನ್ನುವ ನಂಬಿಕೆ ಇದೆಯಲ್ಲ. ಅಲ್ಲೇ ಒಬ್ಬ ನಿವೃತ್ತ ಮೇಷ್ಟ್ರಿಂದ ಇಪ್ಪತ್ತು ನಿಮಿಷ ಗಮಕ ಹೇಳಿಸಿದೆ. ಕನ್ನಡದವರು ಅಲುಗಾಡದೆ ಕೂತರು. ಬೇರೆ ಭಾಷೆಯವರ ಬ್ಯಾಚಿಗೆ ಅದು ಹಿಡಿಸಲಿಲ್ಲ, ಅವರಿಗೆ ಬಿಟ್ಟೆ. ಎಳ್ಳಮಾವಾಸ್ಯೆಗೆ ಒಂದು ಬ್ಯಾಚನ್ನು ಚರಗಕ್ಕೆ, ಅಂದರೆ ಹೊಲದ ಪೂಜೆಗೆ, ಕರೆದುಕೊಂಡು ಹೋದೆ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಅದ್ಭುತವಾಗಿತ್ತು, ಆದರೆ ವರ್ಷಕ್ಕೆ ಒಂದೇ ದಿನ. ಬೇರೆ ದಿನ ಅದನ್ನೇ ನಾಟಕದ ಹಾಗೆ ಮಾಡಿಸಿ ಅಂತ ಕೇಳಿದವರಿಗೆ ಇಲ್ಲ ಅಂದೆ.

ಕಪ್ಪತಗುಡ್ಡದಲ್ಲಿ ಸೋತೆ. ಮಳೆಗಾಲದಲ್ಲಿ ಅದರ ಹಸಿರು, ಆ ಗಾಳಿ ನೋಡಿ ಜುಲೈನಲ್ಲಿ ಟ್ರೆಕ್ ಮಾಡೋಣ ಅಂತ ಹೊರಟೆ. 2019ರಲ್ಲಿ ವನ್ಯಜೀವಿಧಾಮ ಆಯಿತು, ಸುಮಾರು 244 ಚದರ ಕಿಲೋಮೀಟರ್. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಎಲ್ಲೆಂದರಲ್ಲಿ ಹತ್ತಿಸುವ ಹಾಗಿಲ್ಲ, ಅದು ಸರಿಯೇ. ಔಷಧಿ ಗಿಡದ ಗುಡ್ಡ ಅದು. ಉಳಿಸಿಕೊಳ್ಳಲು ನಮ್ಮ ಜನ ಬೀದಿಗಿಳಿದು ಹೋರಾಡಿದ್ದಾರೆ. ಜಾಹೀರಾತಿಗೆ ಹಾಕಿದ ಎಂಟು ಸಾವಿರ ಹೋಯಿತು. ಈಗ ದಾರಿಯಿಂದ ಗುಡ್ಡ ತೋರಿಸಿ, ಗುಡ್ಡದ ದೇವರು ಕಪ್ಪತ ಮಲ್ಲಯ್ಯನ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ಆದರೆ ಮಳೆಗಾಲಕ್ಕೆ ಬೇರೆ ದಾರಿ ಸಿಕ್ಕಿತು. ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರು ಮಾಡಿದ ಊರು. ಬೇರೆ ಜಿಲ್ಲೆಯ ಸೊಸೈಟಿ ನಿರ್ದೇಶಕರು, ಸಿಬ್ಬಂದಿ ಅಲ್ಲಿಗೆ ಬರಲು ತುಂಬಾ ಇಷ್ಟಪಡುತ್ತಾರೆ. ಹೋದ ವರ್ಷ ಒಂಬತ್ತೋ ಹತ್ತೋ ಗುಂಪು ಬಂದವು. ಅವರನ್ನು ಹೇಗೆ ಹುಡುಕುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲೆಕ್ಕಕ್ಕೆ ಬರುತ್ತೇನೆ. ಈಗ ತಲೆಗೆ 3,800, ಕನಿಷ್ಠ ಆರು ಜನ. ರೂಮಿಗೆ ಮೂರೂವರೆ ಸಾವಿರ, ಊಟ ನಾಷ್ಟಾ ಎಲ್ಲ ಸೇರಿ ಐದೂವರೆ, ಡೀಸೆಲ್ ಮತ್ತು ಗಾಡಿ ಸವೆತ ಮೂರು, ಡ್ರೈವರ್, ಗೈಡ್, ಮೇಷ್ಟ್ರು, ಚಿಲ್ಲರೆ ಅಂತ ಮೂರೂವರೆ. ಬ್ಯಾಚಿಗೆ ಏಳು ಸಾವಿರದ ಆಸುಪಾಸು ಉಳಿಯುತ್ತದೆ. 2020ರಲ್ಲಿ ಲಾಕ್‌ಡೌನ್ ಬಂದು ಗಾಡಿ ನಿಂತಾಗ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆ ಹೊತ್ತಿಗೆ ಬಂದುಹೋದವರೇ ಮತ್ತೆ ಫೋನ್ ಮಾಡಿ ಶುರು ಮಾಡಿಸಿದರು. 2024ರಲ್ಲಿ ಮಾಗಡಿ ಕೆರೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಪೇಪರಿನಲ್ಲಿ ಸುದ್ದಿ ಬಂದ ವಾರ ಫೋನ್ ನಿಲ್ಲಲೇ ಇಲ್ಲ. ನಾನು ಅದಕ್ಕೂ ಐದು ವರ್ಷ ಮೊದಲೇ ಆ ಏರಿಯ ಮೇಲೆ ಜನರನ್ನು ಕೂರಿಸಿದ್ದೆ ಅನ್ನುವ ಹೆಮ್ಮೆ ನನಗಿದೆ. ಬಿಲ್ವಾರ ಬಿಡಿಸಿಕೊಂಡೆ. ಎರಡನೇ ಗಾಡಿಗೆ ಜಾಮೀನು ಹಾಕಲು ಹೆಂಡತಿಯ ಅಣ್ಣ ತಾವೇ ಮುಂದೆ ಬಂದರು.

ಸೂಡಿಯ ನಾಗಕುಂಡ ಮಾತ್ರ ಇನ್ನೂ ನನ್ನ ಎರಡು ದಿನದೊಳಗೆ ಕೂರುತ್ತಿಲ್ಲ. ಅಷ್ಟು ಚಂದದ ಹೊಂಡ, ಇಳಿಹೊತ್ತಿನಲ್ಲೇ ನೋಡಬೇಕು. ಆದರೆ ಆ ಹೊತ್ತನ್ನು ಲಕ್ಕುಂಡಿ ತಗೊಂಡುಬಿಟ್ಟಿದೆ. ಬರುವ ನವೆಂಬರಿನಲ್ಲಿ ಎರಡು ರಾತ್ರಿಯ ಬ್ಯಾಚ್ ಒಂದು ಮಾಡಿ ನೋಡುತ್ತೇನೆ. ಎರಡು ರಾತ್ರಿ ಗದಗಿನಲ್ಲಿ ಯಾರು ಉಳಿಯುತ್ತಾರೆ ಅಂತ ಸ್ಟ್ಯಾಂಡಿನಲ್ಲಿ ಈಗಾಗಲೇ ಕೇಳುತ್ತಿದ್ದಾರೆ. ಮೂರು ಮನೆಯವರು ಮುಂಗಡ ಕಳಿಸಿದ್ದಾರೆ.