ನೀಲಿ ಗೆರೆ ತೆಗೆಯಲು ಹೋಗಿ ಕನ್ನಡವನ್ನೇ ಕಳೆದುಕೊಳ್ಳಬೇಡಿ

ಕಾಲೇಜುಗಳಲ್ಲಿ ಪ್ರಾಜೆಕ್ಟ್ ಕೊಡುವ ಕೊನೆಯ ವಾರ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಅಂಗಡಿಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಪೆನ್‌ಡ್ರೈವ್ ಹಿಡಿದು ಬಂದವರ ಫೈಲ್ ತೆರೆದರೆ ಹೆಚ್ಚುಕಡಿಮೆ ಒಂದೇ ನೋಟ. ಬಹಮನಿ ಸುಲ್ತಾನರ ಮೇಲೊಂದು ಅಧ್ಯಾಯ. ಬೀದರ್ ಕೋಟೆ, ಮಹಮೂದ್ ಗವಾನ್, ಬಿದ್ರಿ ಕಲೆ, ಎಲ್ಲ ಹೆಸರೂ ನೀಲಿ, ಅಡಿಗೆ ಗೆರೆ. ವಾಕ್ಯದ ಕೊನೆಗೆ ಚೌಕ ಕಂಸದೊಳಗೆ ಪುಟ್ಟ ಅಂಕಿ. ಅಲ್ಲಲ್ಲಿ ಬೂದು ಪಟ್ಟಿ. ವೆಬ್‌ನಿಂದ ಎತ್ತಿದ್ದು ಅಂತ ಗೈಡ್‌ಗೆ ದೂರದಿಂದಲೇ ಗೊತ್ತಾಗುತ್ತದೆ. ಇಂಥ ಫೈಲನ್ನು ವರ್ಡ್‌ನಲ್ಲಿ ಚೊಕ್ಕ ಮಾಡುವುದು ಹೇಗೆ ಅಂತ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಿಂಕ್ ಅಳಿಸುವುದು ಅಂದರೆ ಮೂಲ ಮುಚ್ಚಿಡುವುದಲ್ಲ. ಎಲ್ಲಿಂದ ತೆಗೆದುಕೊಂಡಿರಿ ಅನ್ನುವುದನ್ನು ಅಧ್ಯಾಯದ ಕೊನೆಗೆ ಬರೆಯಲೇಬೇಕು.

ಮೊದಲ ಹೆಜ್ಜೆ: ಫೈಲನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ, ಕೆಲಸವೆಲ್ಲ ಆ ಪ್ರತಿಯಲ್ಲೇ ನಡೆಯಲಿ.

ಎರಡನೆಯದು ಲಿಂಕ್. ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ 'ರಿಮೂವ್ ಹೈಪರ್‌ಲಿಂಕ್' ಒತ್ತುತ್ತಾ ಕೂತರೆ ಸಂಜೆಯಾಗುತ್ತದೆ. ವರ್ಡ್‌ನಲ್ಲಿ ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಸೆಲೆಕ್ಟ್ ಮಾಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಫ್9 ಮೂರನ್ನೂ ಒಟ್ಟಿಗೆ ಒತ್ತಿ. ಲಿಂಕ್‌ಗಳೆಲ್ಲ ಒಂದೇ ಏಟಿಗೆ ಮಾಯ. ಲ್ಯಾಪ್‌ಟಾಪ್‌ನಲ್ಲಿ ಆಗದಿದ್ದರೆ ಎಫ್‌ಎನ್ ಕೀಯನ್ನೂ ಜೊತೆಗೆ ಹಿಡಿಯಿರಿ. ಅಡಿಟಿಪ್ಪಣಿಗಳಲ್ಲಿ ಲಿಂಕ್ ಉಳಿದಿರುತ್ತದೆ. ಅಲ್ಲಿ ಕ್ಲಿಕ್ ಮಾಡಿ ಇದನ್ನೇ ಮತ್ತೊಮ್ಮೆ ಮಾಡಬೇಕು.

ಈ ಶಾರ್ಟ್‌ಕಟ್‌ಗೆ ಒಂದು ಕೆಟ್ಟ ಗುಣ ಇದೆ. ಅದು ಲಿಂಕ್ ಮಾತ್ರ ನೋಡುವುದಿಲ್ಲ, ಪರಿವಿಡಿಯನ್ನೂ ಸಾದಾ ಅಕ್ಷರ ಮಾಡಿಬಿಡುತ್ತದೆ. ಆಮೇಲೆ ಪುಟ ಸಂಖ್ಯೆ ಬದಲಾದರೂ ಪರಿವಿಡಿ ಹಳೆಯದನ್ನೇ ತೋರಿಸುತ್ತಿರುತ್ತದೆ. ಹಾಗಾಗಿ ಪರಿವಿಡಿ ಕೊನೆಗೆ ಮಾಡಿ. ಈಗಾಗಲೇ ಮಾಡಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ಸೆಲೆಕ್ಟ್ ಮಾಡಿ.

ಕಂಸದ ಅಂಕಿಗಳಿಗೆ ಕಂಟ್ರೋಲ್ ಎಚ್, ಅಂದರೆ ಹುಡುಕಿ ಬದಲಿಸುವ ಕಿಟಕಿ. 'ಮೋರ್' ಒತ್ತಿ, 'ಯೂಸ್ ವೈಲ್ಡ್‌ಕಾರ್ಡ್ಸ್' ಟಿಕ್ ಮಾಡಿ. ಹುಡುಕುವ ಜಾಗದಲ್ಲಿ \[?\] ಎಂದು ಹಾಕಿ, ಬದಲಿ ಜಾಗ ಖಾಲಿ ಬಿಡಿ. ಎರಡಂಕಿಗೆ \[??\]. ಅಂಕಿ ಕನ್ನಡದ್ದಾದರೂ ಇಂಗ್ಲಿಷಿನದ್ದಾದರೂ ಹೋಗುತ್ತದೆ. ನೀವೇ ಚೌಕ ಕಂಸದಲ್ಲಿ ಒಂದೆರಡು ಅಕ್ಷರ ಬರೆದಿದ್ದರೆ ಅದೂ ಹೋದೀತು, ಮೊದಲು ಕಣ್ಣಾಡಿಸಿ. ಸುಮ್ನೆ 'ರಿಪ್ಲೇಸ್ ಆಲ್' ಒತ್ತುವವರನ್ನು ಕಂಡರೆ ನನಗೆ ಭಯ. ಊರಿನ ಹೆಸರು ಬದಲಾಗಿದೆ ಅಂತ ಗುಲಬರ್ಗಾ ಇದ್ದಲ್ಲೆಲ್ಲ ಕಲಬುರಗಿ ಹಾಕಿ, ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರನ್ನೂ ತಿದ್ದಿಕೊಂಡು ಬರುವವರಿದ್ದಾರೆ.

ಈಗ ಬಣ್ಣ, ಫಾಂಟು, ಸೈಜು. ಜನ ಎಡವುವುದು ಇಲ್ಲೇ. ಯೂಟ್ಯೂಬ್ ವಿಡಿಯೊಗಳಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಎಲ್ಲ ಸೆಲೆಕ್ಟ್ ಮಾಡಿ, 'ಕ್ಲಿಯರ್ ಆಲ್ ಫಾರ್ಮ್ಯಾಟಿಂಗ್' ಒತ್ತಿ. ಇಂಗ್ಲಿಷ್ ಫೈಲಿಗೆ ಅದು ಸರಿ. ನಮ್ಮ ಹುಡುಗರು ಒತ್ತಿದ ಮರುಕ್ಷಣ ಕೇಳುವ ಮಾತು ಬೇರೆ: "ಸರ, ಅಕ್ಷರ ಎಲ್ಲಾ ಹೋದ್ವು ನೋಡ್ರಿ!" ಪರದೆಯ ಮೇಲೆ 'ಕನ್ನಡ' ಅನ್ನುವ ಪದ ಇದ್ದ ಜಾಗದಲ್ಲಿ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟು ಹೊತ್ತ ಎ, ನಡುವೆ ಪೌಂಡ್ ಚಿಹ್ನೆ.

ಕಾರಣ ಇಷ್ಟೇ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಕೋಡು, ಮೇಲೆ ಹಾಕಿದ್ದು ಕನ್ನಡದ ಅಂಗಿ. ಫಾಂಟ್ ತೆಗೆದರೆ ಅಂಗಿ ಬಿಚ್ಚಿದಂತೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಕೋಡು ಇರುವ ಯೂನಿಕೋಡ್‌ನಲ್ಲಿ ಈ ರಗಳೆ ಇಲ್ಲ. ಅಲ್ಲಿ ಕನ್ನಡ ಕನ್ನಡವಾಗಿಯೇ ಇರುತ್ತದೆ, ಫಾಂಟ್ ಯಾವುದಾದರೂ ಆಗಲಿ.

ಆದ್ದರಿಂದ ಮುಟ್ಟುವ ಮೊದಲು ಪರೀಕ್ಷೆ ಮಾಡಿ. ಫೈಲಿನ ಒಂದು ಕನ್ನಡ ಪದ ಕಾಪಿ ಮಾಡಿ ಬ್ರೌಸರ್‌ನ ಹುಡುಕು ಪಟ್ಟಿಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ವಿಚಿತ್ರ ಇಂಗ್ಲಿಷ್ ಬಂದರೆ ಹಳೆಯ ಫಾಂಟ್. ಫಾಂಟಿನ ಹೆಸರು ನೋಡಿ ತೀರ್ಮಾನಿಸಬೇಡಿ, ನುಡಿಯಲ್ಲಿ ಯೂನಿಕೋಡ್ ಫಾಂಟೂ ಇದೆ. ಅಧ್ಯಾಯಕ್ಕೆ ಎರಡು ಮೂರು ಕಡೆ ನೋಡಿ.

ಎಲ್ಲವೂ ಯೂನಿಕೋಡ್ ಆಗಿದ್ದರೆ ಕಂಟ್ರೋಲ್ ಎ, ಆಮೇಲೆ ಕಂಟ್ರೋಲ್ ಸ್ಪೇಸ್. ಅಕ್ಷರದ ಬಣ್ಣ, ಸೈಜು ಎಲ್ಲ ಹೋಗುತ್ತದೆ. ಕಂಟ್ರೋಲ್ ಕ್ಯೂ ಒತ್ತಿದರೆ ಪ್ಯಾರಾದ ಅಂತರ, ಬೂದು ಹಿನ್ನೆಲೆ ಹೋಗುತ್ತದೆ. ಕಂಟ್ರೋಲ್ ಸ್ಪೇಸ್‌ಗೆ ನೀವು ಬೇಕೆಂದೇ ಹಾಕಿದ್ದ ಬೋಲ್ಡ್, ಇಟಾಲಿಕ್ ಕೂಡ ಹೋಗುತ್ತದೆ, ನೆನಪಿರಲಿ.

ಎಲ್ಲವೂ ಹಳೆಯ ನುಡಿ ಆಗಿದ್ದರೆ ಕಂಟ್ರೋಲ್ ಸ್ಪೇಸ್ ಹತ್ತಿರ ಹೋಗಲೇಬೇಡಿ. ಕಂಟ್ರೋಲ್ ಕ್ಯೂ ಒತ್ತಬಹುದು, ಅದು ಫಾಂಟ್ ಮುಟ್ಟುವುದಿಲ್ಲ. ಅಕ್ಷರದ ಬಣ್ಣವನ್ನು 'ಆಟೊಮ್ಯಾಟಿಕ್' ಮಾಡಿ. ಅಡಿಗೆರೆಗೆ ಕಂಟ್ರೋಲ್ ಯು ಎರಡು ಸಲ. ಮೊದಲ ಸಲಕ್ಕೆ ಎಲ್ಲ ಸಾಲಿಗೂ ಗೆರೆ ಬಿದ್ದರೆ ಗಾಬರಿ ಬೇಡ, ಎರಡನೆಯದಕ್ಕೆ ಎಲ್ಲವೂ ಹೋಗುತ್ತದೆ.

ನಿಜವಾದ ತಲೆನೋವು ಬೆರಕೆ ಫೈಲು. ತಾವು ಬರೆದದ್ದು ನುಡಿಯಲ್ಲಿ, ವೆಬ್‌ನಿಂದ ತಂದದ್ದು ಯೂನಿಕೋಡ್‌ನಲ್ಲಿ. ಹೆಚ್ಚಿನವರದ್ದು ಇದೇ ಅಲ್ವಾ? ವೆಬ್‌ನಿಂದ ಬಂದ ಪ್ಯಾರಾದಲ್ಲಿ ಕರ್ಸರ್ ಇಡಿ. ಹೋಮ್ ಪಟ್ಟಿಯ ಬಲತುದಿಯಲ್ಲಿ 'ಸೆಲೆಕ್ಟ್' ಇದೆ. ಅದರೊಳಗೆ ಒಂದೇ ತರಹದ ಫಾರ್ಮ್ಯಾಟಿಂಗ್ ಇರುವುದನ್ನೆಲ್ಲ ಆರಿಸುವ ಆಯ್ಕೆ ಸಿಗುತ್ತದೆ. ಅದನ್ನು ಒತ್ತಿ, ಆರಿಸಿದ್ದರಲ್ಲಿ ನುಡಿ ಸೇರಿಲ್ಲ ಅಂತ ಖಾತ್ರಿ ಮಾಡಿಕೊಂಡು ಕಂಟ್ರೋಲ್ ಸ್ಪೇಸ್ ಒತ್ತಿ. ವೆಬ್ ಪ್ಯಾರಾಗಳು ನಾಲ್ಕೈದು ತರಹ ಇದ್ದರೆ ಅಷ್ಟು ಸಲ ಮಾಡಬೇಕು. ನನ್ನ ಕೇಳಿದರೆ ನುಡಿಯಲ್ಲಿರುವುದನ್ನೇ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ನುಡಿ, ಬರಹ ಎರಡರಲ್ಲೂ ಆ ಸೌಲಭ್ಯ ಇದೆ. ಹೆಸರು ಗೊತ್ತಿಲ್ಲದ ವೆಬ್‌ಸೈಟಿಗೆ ಪಿಎಚ್‌.ಡಿ ಪ್ರಬಂಧವನ್ನೇ ಸುರಿಯಬೇಡಿ. ನಡುವೆ ಇರುವ ಇಂಗ್ಲಿಷ್ ಪದಗಳನ್ನು ಪರಿವರ್ತಕ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡುತ್ತದೆ, ಹಾಗಾಗಿ ಕನ್ನಡ ಪ್ಯಾರಾಗಳನ್ನು ಮಾತ್ರ ಕೊಡಿ. ಮುಗಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಓದಿ ನೋಡಿ. ವರ್ಷ, ಕರ್ನಾಟಕ, ಧರ್ಮ, ಇಂಥಲ್ಲೇ ಎಡವಟ್ಟು ಜಾಸ್ತಿ.

ಆಗಲೇ 'ಕ್ಲಿಯರ್ ಆಲ್ ಫಾರ್ಮ್ಯಾಟಿಂಗ್' ಒತ್ತಿ ಕೆಡಿಸಿಕೊಂಡಿದ್ದೀರಾ? ಕಂಟ್ರೋಲ್ ಝಡ್. ಸೇವ್ ಮಾಡಿ ಮುಚ್ಚಿಬಿಟ್ಟಿದ್ದರೂ ಮತ್ತೆ ಟೈಪ್ ಮಾಡಲು ಕೂರಬೇಡಿ. ಅಕ್ಷರ ಎಲ್ಲೂ ಹೋಗಿಲ್ಲ. ಆ ಭಾಗ ಸೆಲೆಕ್ಟ್ ಮಾಡಿ ಮೊದಲಿದ್ದ ನುಡಿ ಫಾಂಟನ್ನೇ ಆರಿಸಿದರೆ ಕನ್ನಡ ವಾಪಸ್ ಬರುತ್ತದೆ. ಇಂಗ್ಲಿಷ್ ಪದಗಳಿಗೆ ಮಾತ್ರ ಒಂದೊಂದಾಗಿ ಇಂಗ್ಲಿಷ್ ಫಾಂಟ್ ಹಾಕಬೇಕು.

ಸಾಲುಗಳಲ್ಲಿ ಪದಗಳು ದೂರದೂರ ಹೋಗಿ ನಿಂತಿವೆಯೇ? ಕಂಟ್ರೋಲ್, ಶಿಫ್ಟ್, 8 ಒತ್ತಿ ನೋಡಿ. ಸಾಲಿನ ಕೊನೆಗೆ ಬಾಗಿದ ಬಾಣ ಕಂಡರೆ ಅದೇ ಕಾರಣ. ಕಂಟ್ರೋಲ್ ಎಚ್‌ನಲ್ಲಿ ವೈಲ್ಡ್‌ಕಾರ್ಡ್ ಟಿಕ್ ತೆಗೆದು, 'ಸ್ಪೆಷಲ್' ಬಟನ್‌ನಿಂದ ಹುಡುಕುವ ಜಾಗಕ್ಕೆ 'ಮ್ಯಾನುಯಲ್ ಲೈನ್ ಬ್ರೇಕ್', ಬದಲಿ ಜಾಗಕ್ಕೆ 'ಪ್ಯಾರಾಗ್ರಾಫ್ ಮಾರ್ಕ್' ಹಾಕಿ ಬದಲಿಸಿ.

ಇಷ್ಟೆಲ್ಲ ಬೇಡ ಅನ್ನುವವರು ತರುವಾಗಲೇ ತೊಳೆದು ತನ್ನಿ. ವರ್ಡ್‌ನ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ, ಬೇರೆ ಪ್ರೋಗ್ರಾಮ್‌ಗಳಿಂದ ಪೇಸ್ಟ್ ಮಾಡುವಾಗ ಏನಾಗಬೇಕು ಅನ್ನುವಲ್ಲಿ 'ಕೀಪ್ ಟೆಕ್ಸ್ಟ್ ಓನ್ಲಿ' ಇಡಿ. ಹೊಸ ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ವಿ ಒತ್ತಿದರೂ ಬರೀ ಅಕ್ಷರವೇ ಬರುತ್ತದೆ. ಲಿಬ್ರೆ ಆಫೀಸ್ ಬಳಸುವವರಿಗೆ ಫಾರ್ಮ್ಯಾಟಿಂಗ್ ತೆಗೆಯಲು ಕಂಟ್ರೋಲ್ ಎಂ. ನುಡಿ ಎಚ್ಚರ ಅಲ್ಲೂ ಇರಲಿ.

ಮುಖಪುಟದಲ್ಲಿ ನಿಮ್ಮ ಈಮೇಲ್ ಟೈಪ್ ಮಾಡಿ ಸ್ಪೇಸ್ ಒತ್ತಿದ ಕೂಡಲೇ ನೀಲಿಯಾದರೆ ಅದು ವರ್ಡ್‌ನದೇ ಉಪಕಾರ. ತಕ್ಷಣ ಒಮ್ಮೆ ಕಂಟ್ರೋಲ್ ಝಡ್ ಒತ್ತಿದರೆ ಅಕ್ಷರ ಉಳಿದು ಲಿಂಕ್ ಮಾತ್ರ ಹೋಗುತ್ತದೆ.