ಹದಿನೈದು ದಿನದ ನೋಟಿಸ್, 2,430 ರೂಪಾಯಿ

2022ರ ನವೆಂಬರ್. ಗುರುವಾರ ಸಂಜೆ ಒಂದು ಮೇಲ್ ಬಂತು. ಬೆಂಗಳೂರಿನ ಒಂದು ಸ್ಟಾರ್ಟಪ್‌ಗೆ ನಾನು ಮೈಸೂರಿನ ಮನೆಯಲ್ಲೇ ಕೂತು ಆ್ಯಪ್ ಡಿಸೈನ್ ಮಾಡಿಕೊಡುತ್ತಿದ್ದೆ. ಆರು ತಿಂಗಳ ಕಾಂಟ್ರ್ಯಾಕ್ಟ್, ಗಂಟೆಗೆ 900 ರೂಪಾಯಿ. ನಾಲ್ಕನೇ ತಿಂಗಳು ನಡೆಯುತ್ತಿತ್ತು. ಬಜೆಟ್ ಕಡಿಮೆಯಾಗಿದೆ, ಒಪ್ಪಂದದ ಪ್ರಕಾರ ಇವತ್ತಿನಿಂದ 15 ದಿನದ ನೋಟಿಸ್ ಕೊಡ್ತಿದ್ದೇವೆ ಅಂತ ಮೇಲ್‌ನಲ್ಲಿತ್ತು. ಬಹಳ ಮರ್ಯಾದೆಯಿಂದಲೇ ಬರೆದಿದ್ದರು.

ಬೇಜಾರಾದರೂ ಗಾಬರಿಯಾಗಲಿಲ್ಲ. ಇನ್ನೂ 15 ದಿನ ಇದೆಯಲ್ಲ, ಅಷ್ಟರಲ್ಲಿ ಬೇರೆ ಏನಾದರೂ ಹುಡುಕಿಕೊಂಡರಾಯಿತು ಅಂದುಕೊಂಡೆ. ಆ 15 ದಿನದಲ್ಲಿ ಅವರು ಕೊಟ್ಟ ಕೆಲಸ ಏನು ಗೊತ್ತಾ? ನಾಲ್ಕು ಐಕಾನ್‌ಗಳ ಬಣ್ಣ ಬದಲಿಸುವುದು, ಎಲ್ಲ ಫೈಲ್ ಒಂದು ಫೋಲ್ಡರ್‌ಗೆ ಹಾಕಿ ಕಳಿಸುವುದು. ಒಟ್ಟು ಮೂರು ಗಂಟೆ. ಬಿಲ್ 2,700 ರೂಪಾಯಿ. ಅದರಲ್ಲಿ ಹತ್ತು ಪರ್ಸೆಂಟ್ ಟಿಡಿಎಸ್ (ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಹೋಗಿ ಅಕೌಂಟ್‌ಗೆ ಬಿದ್ದಿದ್ದು 2,430.

ಹಿಂದಿನ ತಿಂಗಳು ಇವರ ಕೆಲಸ ಇದೆ ಅಂತ ಬೇರೆ ಒಬ್ಬರಿಗೆ ಆಗಲ್ಲ ಅಂದಿದ್ದೆ. ಹೊಟ್ಟೆ ಉರಿದಿದ್ದು ಅದಕ್ಕೇ ಜಾಸ್ತಿ.

ಭಾವ ಮೈಸೂರಿನಲ್ಲೇ ವಕೀಲರು. ಭಾನುವಾರ ಅಕ್ಕನ ಮನೆಗೆ ಹೋದಾಗ ಕಾಂಟ್ರ್ಯಾಕ್ಟ್ ತೋರಿಸಿ, ನೋಟಿಸ್ ಪೀರಿಯಡ್‌ನಲ್ಲಿ ಕೆಲಸವನ್ನೇ ಕೊಡಲಿಲ್ಲ, ಇದಕ್ಕೇನು ಮಾಡಬಹುದು ಅಂತ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ತಿಂಗಳಿಗೆ ಇಷ್ಟು ಗಂಟೆ ಕೆಲಸ ಕೊಡ್ತೀವಿ ಅಂತ ಎಲ್ಲಿ ಬರೆದಿದೆ?"

"ಎಲ್ಲೂ ಇಲ್ಲ ಭಾವ. ಆದರೆ ಪ್ರತಿ ತಿಂಗಳು 80 ಗಂಟೆ ಹತ್ತಿರ ಇರ್ತಿತ್ತು."

"ಇರ್ತಿತ್ತು ಅಷ್ಟೇ. ಅವರು ನೋಟಿಸ್ ಕೊಟ್ಟಿದ್ದಾರೆ, ಮೂರು ಗಂಟೆಗೆ ದುಡ್ಡೂ ಕೊಟ್ಟಿದ್ದಾರೆ. ಅವರು ತಪ್ಪೇ ಮಾಡಿಲ್ಲ ಕಣಮ್ಮ."

ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ನೋಟಿಸ್ ಪೀರಿಯಡ್ ಅಂದರೆ ಬರೀ ಕ್ಯಾಲೆಂಡರ್ ಅಂತ ನನಗೆ ತಿಳಿದಿದ್ದು ಅವತ್ತು. 15 ದಿನ ಇರಲಿ, 60 ದಿನ ಇರಲಿ, ಆ ದಿನಗಳಲ್ಲಿ ಕೆಲಸ ಅಥವಾ ದುಡ್ಡು ಬರಲೇಬೇಕು ಅಂತ ಬರೆದಿರದಿದ್ದರೆ ಏನೂ ಬರುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ಆರು ತಿಂಗಳು ಸತತವಾಗಿ ದುಡಿದ ನೌಕರರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್, ಇಲ್ಲವೇ ಅದರ ಬದಲು ಸಂಬಳ ಕೊಡಬೇಕು ಅಂತಿದೆ. ನಾವು ನೌಕರರ ಲೆಕ್ಕಕ್ಕೆ ಬರುವುದಿಲ್ಲ. ನಮಗಿರುವುದು ನಾವು ಸಹಿ ಹಾಕಿದ ಕಾಗದ, ಅದರ ಹಿಂದೆ 1872ರ ಕರಾರು ಕಾಯ್ದೆ.

ಅವತ್ತು ಸಂಜೆಯೇ ಭಾವನ ಜೊತೆ ಕೂತು ಒಂದು ಸಾಲು ಬರೆದೆ. ಆಮೇಲಿನ ಗಂಟೆ ಲೆಕ್ಕದ ಕಾಂಟ್ರ್ಯಾಕ್ಟ್‌ಗಳಲ್ಲೆಲ್ಲ ಅದನ್ನು ಸೇರಿಸಿ ಅಂತ ಕೇಳಿದ್ದೇನೆ. ನೋಟಿಸ್ ಅವಧಿಯಲ್ಲಿ ಕೆಲಸ ಎಷ್ಟೇ ಬರಲಿ, ಹಿಂದಿನ ಮೂರು ತಿಂಗಳ ಬಿಲ್ಲಿನ ಸರಾಸರಿಯ ಲೆಕ್ಕದಲ್ಲಿ ಆ ದಿನಗಳ ಹಣ ಕೊಡಬೇಕು. ಇಷ್ಟೇ. ನನ್ನ ಹಳೇ ಬಿಲ್‌ಗಳು 72,000, 67,500, 76,500. ಸರಾಸರಿ 72,000, ದಿನಕ್ಕೆ 2,400. ಈ ಸಾಲು ಆಗಲೇ ಇದ್ದಿದ್ದರೆ 15 ದಿನಕ್ಕೆ 36,000 ಬರಬೇಕಿತ್ತು.

ಎಲ್ಲರೂ ಒಪ್ಪುತ್ತಾರಾ? ಇಲ್ಲ. ಒಬ್ಬರು ಫೋನಲ್ಲೇ ನಕ್ಕು, "ನಿಮಗೆ ಎಂಪ್ಲಾಯಿ ಬೆನಿಫಿಟ್ ಬೇಕಾ?" ಅಂದರು. "ಬೇಡ ಸರ್, ಹಾಗಾದರೆ ನೋಟಿಸ್ ಎರಡೂ ಕಡೆಯಿಂದ ತೆಗೆದುಬಿಡೋಣ, ನಾನೂ ಯಾವತ್ತು ಬೇಕಾದರೂ ಹೋಗಬಹುದಲ್ವಾ" ಅಂದೆ. ಒಂದು ನಿಮಿಷ ಸುಮ್ಮನಿದ್ದು ಅರ್ಧಕ್ಕೆ ಒಪ್ಪಿದರು. ಅರ್ಧ ಸಿಕ್ಕಿದರೂ 2,430ಕ್ಕಿಂತ ವಾಸಿ.

ಇದಾದ ಮೇಲೆ ಇನ್ನೊಂದು ಪಾಠ ಬಾಕಿ ಇತ್ತು. 'ಹೋಲ್ಡ್' ಅನ್ನುವ ಪದದ್ದು.

2023ರಲ್ಲಿ ಒಂದು ಫಿಕ್ಸೆಡ್ ಪ್ರೈಸ್ ಕೆಲಸ ಹಿಡಿದಿದ್ದೆ. ಒಟ್ಟು 1,20,000. ಶುರುವಿಗೆ 48,000, ಎಲ್ಲ 24 ಸ್ಕ್ರೀನ್ ಕೊಟ್ಟ ಮೇಲೆ 36,000, ಕೊನೆಯ ತಿದ್ದುಪಡಿ ಮುಗಿದ ಮೇಲೆ 36,000. ಹನ್ನೊಂದು ಸ್ಕ್ರೀನ್ ಆಗಿತ್ತು. ಶುಕ್ರವಾರ ರಾತ್ರಿ 9.40ಕ್ಕೆ ವಾಟ್ಸಾಪ್‌ನಲ್ಲಿ, "ಸದ್ಯಕ್ಕೆ ಹೋಲ್ಡ್‌ನಲ್ಲಿ ಇಡೋಣ, ಮುಂದಿನ ವಾರ ಹೇಳ್ತೀವಿ" ಅಂತ ಬಂತು. ಪಕ್ಕದಲ್ಲಿ ಕೈಮುಗಿಯುವ ಎಮೋಜಿ. ಮುಂದಿನ ವಾರ ಬಂತು, ಹೋಯಿತು. ಮೂರು ವಾರ ಆಯಿತು. ಯಾರೂ ಕೆಲಸ ನಿಲ್ಲಿಸಿದ್ದೇವೆ ಅಂತ ಹೇಳಲಿಲ್ಲ. ನಿಲ್ಲಿಸಿದ್ದೇವೆ ಅಂದರೆ ಲೆಕ್ಕ ಚುಕ್ತಾ ಮಾಡಬೇಕಾಗುತ್ತದೆ. ಹೋಲ್ಡ್ ಅಂದರೆ ಯಾವ ಲೆಕ್ಕವೂ ಇಲ್ಲ.

ನನ್ನ ಪುಣ್ಯಕ್ಕೆ ಒಂದು ವಿಷಯದಲ್ಲಿ ಗಟ್ಟಿಯಾಗಿದ್ದೆ. ಡಿಸೈನ್ ಮಾಡುವ ಫಿಗ್ಮಾ ಅನ್ನುವ ಸಾಫ್ಟ್‌ವೇರ್‌ನ ಫೈಲ್ ನನ್ನ ಅಕೌಂಟ್‌ನಲ್ಲೇ ಇತ್ತು, ಅವರಿಗೆ ನೋಡಲು ಮಾತ್ರ ಅನುಮತಿ. ಪೂರ್ತಿ ಹಣ ಬಂದ ಮೇಲೆ ಹಕ್ಕು ಅವರದು ಅಂತ ಕಾಗದದಲ್ಲೂ ಬರೆದಿತ್ತು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕನ್ನು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ನೌಕರರು ಮಾಡಿದ್ದು ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ. ನಮ್ಮಂಥವರು ಮಾಡಿದ ಇಂಥ ಡಿಸೈನ್, ಬರೆದುಕೊಡುವವರೆಗೆ ನಮ್ಮದೇ.

ನಾಲ್ಕನೇ ವಾರ ಅವರ ಡೆವಲಪರ್ ಫೋನ್ ಮಾಡಿ ಎಡಿಟ್ ಆ್ಯಕ್ಸೆಸ್ ಕೇಳಿದ. ಆಗ ಗೊತ್ತಾಯಿತು, ಕೆಲಸ ನಿಂತಿರಲಿಲ್ಲ, ನಾನು ನಿಂತಿದ್ದೆ ಅಷ್ಟೇ. ಜಗಳ ಮಾಡಲಿಲ್ಲ. ಮೇಲ್ ಬರೆದೆ. 24 ಸ್ಕ್ರೀನ್‌ಗೆ 36,000 ಅಂದರೆ ಒಂದಕ್ಕೆ 1,500. ಹನ್ನೊಂದಕ್ಕೆ 16,500. ಇದು ಬಂದ ದಿನವೇ ಈ ಸ್ಕ್ರೀನ್‌ಗಳ ಫೈಲ್ ಕೊಟ್ಟು ಹಕ್ಕನ್ನೂ ಬರೆದುಕೊಡುತ್ತೇನೆ. ಆರು ದಿನಕ್ಕೆ ಬಂತು. ಈಗ ನನ್ನ ಕಾಗದದಲ್ಲಿ ಇನ್ನೊಂದು ಸಾಲು ಇದೆ. ಹತ್ತು ಕೆಲಸದ ದಿನಕ್ಕಿಂತ ಜಾಸ್ತಿ ಹೋಲ್ಡ್ ಆದರೆ ಅದನ್ನೇ ನೋಟಿಸ್ ಅಂತ ತಿಳಿಯುವುದು, ಆವರೆಗೆ ಆದಷ್ಟು ಕೆಲಸಕ್ಕೆ ಬಿಲ್ ಮಾಡುವುದು. ವಾಟ್ಸಾಪ್‌ನಲ್ಲಿ ಏನೇ ಬಂದರೂ ಅವತ್ತೇ ಒಂದು ಮೇಲ್ ಹಾಕುತ್ತೇನೆ, 'ನೀವು ಇಂಥ ದಿನ ಹೀಗೆ ಹೇಳಿದಿರಿ' ಅಂತ. ದಿನಾಂಕಕ್ಕೆ ಒಂದು ಸಾಕ್ಷಿ ಬೇಕಲ್ಲ.

ಬಾಕಿ ವಸೂಲಿಗೆ ಅಂತ ಉದ್ಯಮ್ ನೋಂದಣಿಯನ್ನೂ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದನ್ನೂ, ಮಾಡಿಸಿಕೊಂಡೆ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುತ್ತದೆ, ಏಜೆಂಟರಿಗೆ ದುಡ್ಡು ಕೊಡಬೇಡಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ಒಪ್ಪಂದದಲ್ಲಿ ಏನೇ ಇದ್ದರೂ ಕೆಲಸ ಒಪ್ಪಿಕೊಂಡ ಮೇಲೆ ಹಣ ಕೊಡುವುದು 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕೆಲಸಕ್ಕೆ ಮೊದಲೇ ನೋಂದಣಿ ಆಗಿರಲಿ. ಜಗಳ ಶುರುವಾದ ಮೇಲೆ ಮಾಡಿಸಿಕೊಂಡರೆ ಹಳೇ ಬಾಕಿಗೆ ಅದನ್ನು ಹಿಡಿದು ಕೇಳುವುದು ಕಷ್ಟ. ಇನ್‌ವಾಯ್ಸ್ ಕೆಳಗೆ ಆ ನಂಬರ್ ಹಾಕಿದ ಮೇಲೆ ಒಬ್ಬ ಕ್ಲೈಂಟ್‌ನ ಅಕೌಂಟೆಂಟ್ ತಾನಾಗಿಯೇ ಫೋನ್ ಮಾಡಿ ಬಿಲ್ ಕೇಳಿದ್ದೂ ಉಂಟು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. 2021ರಲ್ಲಿ ಒಬ್ಬ ಕ್ಲೈಂಟ್‌ಗೆ ಉತ್ತರ ಕೊಡುವುದನ್ನೇ ನಿಲ್ಲಿಸಿಬಿಟ್ಟಿದ್ದೆ. ಕೆಲಸ ಬೇಜಾರಾಗಿತ್ತು, ಹೇಳುವ ಧೈರ್ಯ ಇರಲಿಲ್ಲ. ಈಗಲೂ ಅವರ ಹೆಸರು ಲಿಂಕ್ಡ್‌ಇನ್‌ನಲ್ಲಿ ಕಂಡರೆ ಬೇಗ ಕೆಳಗೆ ಸರಿಸುತ್ತೇನೆ.

2024ರಲ್ಲಿ ಮತ್ತೆ ನಾನೇ ಬಿಡಬೇಕಾಯಿತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕಾಂಟ್ರ್ಯಾಕ್ಟ್‌ನಲ್ಲಿ 30 ದಿನದ ನೋಟಿಸ್ ಇತ್ತು, ಮೊದಲೇ ಬಿಟ್ಟರೆ ಒಂದು ತಿಂಗಳ ಹಣ ದಂಡ ಅಂತಲೂ ಇತ್ತು. ಭಾವ ಹೇಳಿದರು, ದಂಡ ಅಂತ ಎಷ್ಟೇ ಬರೆದಿದ್ದರೂ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೋರ್ಟ್ ಕೊಡಿಸುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ, ಇದ್ದದ್ದು ಇದ್ದ ಹಾಗೆ ವಸೂಲಿ ಆಗಲ್ಲ ಅಂತ. ಅದನ್ನು ಕೇಳಿ ಸಮಾಧಾನವಾಯಿತು. ಕ್ಲೈಂಟ್ ಮುಂದೆ ಆ ಮಾತು ಎತ್ತಲಿಲ್ಲ.

ಆಸ್ಪತ್ರೆಯ ಕಾರಿಡಾರ್‌ನಿಂದಲೇ ಫೋನ್ ಮಾಡಿದೆ. "ಮೇಡಂ, 30 ದಿನ ಆಗಲ್ಲ. 12 ದಿನ, ದಿನಕ್ಕೆ ಎರಡು ಗಂಟೆ ಆಗುತ್ತೆ. ಅಷ್ಟರಲ್ಲಿ ಎಲ್ಲ ಒಪ್ಪಿಸಿ ಹೋಗ್ತೀನಿ." ಆಮೇಲೆ ಅದನ್ನೇ ಮೇಲ್‌ನಲ್ಲಿ ಬರೆದೆ. ಒಂದು ಶೀಟ್ ಮಾಡಿದೆ. ಯಾವ ಸ್ಕ್ರೀನ್ ಮುಗಿದಿದೆ, ಯಾವುದು ಅರ್ಧ, ಅರ್ಧ ಆಗಿದ್ದರಲ್ಲಿ ಏನು ಬಾಕಿ, ಫಾಂಟ್ ಲೈಸೆನ್ಸ್ ಯಾರ ಹೆಸರಲ್ಲಿದೆ, ಯಾವ ಪಾಸ್‌ವರ್ಡ್ ಬದಲಿಸಬೇಕು. ಹೊಸ ಹುಡುಗನಿಗೆ ಐದು ಗಂಟೆ ಸುಮ್ನೆ, ಬಿಲ್ ಇಲ್ಲದೆ, ಕೂತು ಹೇಳಿಕೊಟ್ಟೆ. ದಂಡ ಹಿಡಿಯಲಿಲ್ಲ. ಕೊನೆಯ ಬಿಲ್ ಮಾತ್ರ ಮೂರು ವಾರ ತಡವಾಗಿ ಬಂತು. ಅಮ್ಮ ಅಷ್ಟರಲ್ಲಿ ವಾಕರ್ ಹಿಡಿದು ಹಾಲ್‌ವರೆಗೆ ಬರುತ್ತಿದ್ದರು.

ಮೊನ್ನೆ ಒಂದು ಹೊಸ ಡ್ರಾಫ್ಟ್ ಬಂದಿದೆ. ನನಗೆ 60 ದಿನ, ಅವರಿಗೆ 'ಯಾವಾಗ ಬೇಕಾದರೂ, ಕಾರಣ ಹೇಳದೆ'. ಕೆಂಪು ಗೆರೆ ಎಳೆದು ಎರಡೂ ಕಡೆಗೆ 20 ದಿನ ಅಂತ ತಿದ್ದಿ, ಸರಾಸರಿಯ ಸಾಲು ಸೇರಿಸಿ ವಾಪಸ್ ಕಳಿಸಿದ್ದೇನೆ. ನಾಲ್ಕು ದಿನ ಆಯಿತು, ಲೀಗಲ್ ಟೀಮ್ ನೋಡ್ತಿದೆ ಅಂತಿದ್ದಾರೆ.